ಕಲ್ಲಿನ ದಾರಿಯಲ್ಲಿ ಒಂದು ಹಗಲು

ನಾನು ಭೂವಿಜ್ಞಾನದ ಮೇಷ್ಟ್ರು. ಮೂವತ್ತು ವರ್ಷ ಕಾಲೇಜಿನಲ್ಲಿ ಕಲ್ಲುಗಳ ಪಾಠ ಹೇಳಿ ನಿವೃತ್ತನಾದವನು. ಕಲ್ಲಿನ ಪಾಠವೆಂದರೆ ವಿದ್ಯಾರ್ಥಿಗಳು ಆಕಳಿಸುವುದು ವಾಡಿಕೆ. ನಾನೂ ಅದಕ್ಕೆ ಒಗ್ಗಿಹೋಗಿದ್ದೆ. ಹೀಗಿರುವಾಗ ಎರಡು ವರ್ಷಗಳ ಹಿಂದೆ, ಮಗನ ಸಂಸಾರದೊಡನೆ ಐಸ್‌ಲ್ಯಾಂಡ್ ದೇಶಕ್ಕೆ ಹೋಗಿದ್ದಾಗ, ಒಂದು ಬಸ್ಸಿನ ತುಂಬ ಜನ ಬೆಳಗಿನಿಂದ ಸಂಜೆಯವರೆಗೆ ಅದೇ ಕಲ್ಲಿನ ಪಾಠವನ್ನು ಕಿವಿಗೊಟ್ಟು ಕೇಳುವುದನ್ನು ಕಂಡೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಮೂಡಿದ ಒಂದು ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಆ ದೇಶದ ದಕ್ಷಿಣ ಕರಾವಳಿಯನ್ನು ಒಂದೇ ಹಗಲಿನಲ್ಲಿ ತೋರಿಸಿ ತರುವ ಬಸ್ಸುಗಳು ರೇಕ್ಯವಿಕ್ ನಗರದಿಂದ ಹೊರಡುತ್ತವೆ. ನಮ್ಮ ಬಸ್ಸಿನಲ್ಲಿ ಮಾರ್ಗದರ್ಶಿಯಾಗಿದ್ದವಳು ಇಪ್ಪತ್ತೈದು ದಾಟದ ಒಬ್ಬ ಹುಡುಗಿ. ಸೆಲ್ಯಾಲಂಡ್ಸ್‌ಫಾಸ್, ಸ್ಕೋಗಾಫಾಸ್ ಎಂಬ ಎರಡು ಜಲಪಾತಗಳನ್ನು ಆಕೆ ತೋರಿಸಿದಳು. ಎರಡೂ ಸುಮಾರು 60 ಮೀಟರ್ ಎತ್ತರದವು. ‘ಈ ನೀರು ಧುಮುಕುತ್ತಿರುವ ಕಡಿದಾದ ಗೋಡೆ ಹಿಂದೊಮ್ಮೆ ಸಮುದ್ರದ ದಂಡೆಯಾಗಿತ್ತು; ಕಡಲು ಹಿಂದಕ್ಕೆ ಸರಿದಿದೆ, ಗೋಡೆ ಉಳಿದಿದೆ’ ಎಂದಳು. 2010ರಲ್ಲಿ ಬೂದಿಯನ್ನು ಕಾರಿ ಯೂರೋಪಿನ ವಿಮಾನಗಳನ್ನೆಲ್ಲ ನೆಲಕ್ಕೆ ಕಟ್ಟಿಹಾಕಿದ ಐಯಾಫ್ಯಾಟ್ಲಯೋಕುಲ್ ಅಗ್ನಿಪರ್ವತವನ್ನು, ಅದರ ತಲೆಯ ಮೇಲಿನ ಹಿಮದ ಟೋಪಿಯನ್ನು ತೋರಿಸಿದಳು. ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ದಂಡೆಯಲ್ಲಿ, ಲಾವಾರಸ ಆರುವಾಗ ಬಿರಿದು ಉಂಟಾದ ಕಂಬಗಳ ಸಾಲಿನ ಮುಂದೆ ನಮ್ಮನ್ನು ನಿಲ್ಲಿಸಿದಳು. ಕೊನೆಗೆ ಸೋಲ್‌ಹೇಮಯೋಕುಲ್ ಎಂಬ ಹಿಮನದಿಯ ಬಳಿ, ಹಿಮದಿಂದ ಬಹಳ ದೂರದಲ್ಲಿದ್ದ ಒಂದು ಬಂಡೆಯ ಪಕ್ಕ ನಿಂತು, ‘ನಾನು ಶಾಲೆಗೆ ಹೋಗುತ್ತಿದ್ದಾಗ ಹಿಮ ಇಲ್ಲಿಯವರೆಗೂ ಇತ್ತು’ ಎಂದು ಸುಮ್ಮನಾದಳು. ಬಸ್ಸಿನವರೆಲ್ಲ ಆ ಬಂಡೆಯನ್ನೇ ನೋಡಿದರು. ಒಬ್ಬರೂ ಆಕಳಿಸಲಿಲ್ಲ.

ಹಿಂದಿರುಗುವಾಗ ನನ್ನ ಮೊಮ್ಮಗಳು ಕೇಳಿದಳು: ‘ತಾತ, ನಿಮ್ಮೂರಿನಲ್ಲೂ ಇಂಥ ಬಸ್ಸು ಇದೆಯಾ?’

ನನ್ನೂರು ಮಾಗಡಿಯ ಸೀಮೆ. ‘ಬಸ್ಸೇನೋ ಇದೆ ಮಗು, ಹೇಳುವವರಿಲ್ಲ’ ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಮೂವತ್ತು ವರ್ಷ ಹೇಳುವ ಕೆಲಸಕ್ಕೇ ಸಂಬಳ ಪಡೆದವನು ನಾನಲ್ಲವೇ?

ಊರಿಗೆ ಬಂದವನೇ ನಮ್ಮ ಬಡಾವಣೆಯ ಹದಿನೆಂಟು ಜನರನ್ನು ಕೂಡಿಸಿ ಒಂದು ವ್ಯಾನು ಗೊತ್ತುಮಾಡಿದೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಕೊನೆಗೆ ಮೇಕೆದಾಟು. ಒಂದು ಹಗಲಿನ ದಾರಿ. ಹೊರಡುವಾಗ ನಿವೃತ್ತ ಬ್ಯಾಂಕ್ ಅಧಿಕಾರಿಗಳೊಬ್ಬರು, ‘ಮೇಷ್ಟ್ರೇ, ಅಲ್ಲಿ ಜ್ವಾಲಾಮುಖಿ ಇದೆಯೆ, ಹಿಮ ಇದೆಯೆ? ಬರಿಯ ಬಂಡೆ ನೋಡಲು ಇಷ್ಟು ದೂರವೇ?’ ಎಂದು ತಮಾಷೆ ಮಾಡಿದರು. ಹಿಮ ಇಲ್ಲ, ಜ್ವಾಲಾಮುಖಿಯೂ ಇಲ್ಲ ಎಂದು ಒಪ್ಪಿಕೊಂಡೆ. ಅಗ್ನಿಯ ಕರಾವಳಿಯೇ ಬೇಕೆಂದರೆ ನಮ್ಮ ಮಲ್ಪೆಯ ಎದುರಿಗೆ ಸೇಂಟ್ ಮೇರಿಸ್ ದ್ವೀಪವಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಅಲ್ಲಿ ಕಂಬಕಂಬವಾಗಿ ನಿಂತಿದೆ. ಆದರೆ ಮಾಗಡಿಯಿಂದ ಮೇಕೆದಾಟಿನವರೆಗಿನ ದಾರಿ ಅದಕ್ಕಿಂತ ವಿಚಿತ್ರವಾದದ್ದು. ಐಸ್‌ಲ್ಯಾಂಡಿನಲ್ಲಿ ಭೂಮಿಯ ಹೊಟ್ಟೆಯೊಳಗಿನದು ಹೊರಕ್ಕೆ ಬರುತ್ತದೆ. ಇಲ್ಲಿ ನಾವೇ ಭೂಮಿಯ ಹೊಟ್ಟೆಯೊಳಕ್ಕೆ ಇಳಿಯುತ್ತೇವೆ. ಮೆಟ್ಟಿಲಿಲ್ಲದೆ, ವ್ಯಾನಿನಲ್ಲಿ ಕುಳಿತೇ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಳು ಗಂಟೆಗೆ ನಾವು ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿದ್ದೆವು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ, ಕರಿಗುಡ್ಡ ಬಿಳಿಗುಡ್ಡಗಳೆಂಬ ಜೋಡಿ ಶಿಖರಗಳ ಈ ಬೆಟ್ಟ ಏಷ್ಯಾದ ಬೃಹತ್ ಏಕಶಿಲಾ ಬೆಟ್ಟಗಳಲ್ಲೊಂದೆಂದು ಹೆಸರಾದುದು. ಮಾಗಡಿಯ ಕೆಂಪೇಗೌಡರ ವಂಶದವರು ಆಳಿದ ಕೋಟೆ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಸೈನ್ಯದಿಂದ ಕಾರ್ನ್‌ವಾಲಿಸನ ಪಡೆ ಇದನ್ನು ಗೆದ್ದುಕೊಂಡಿತು. ಚರಿತ್ರೆಯನ್ನು ಅಷ್ಟಕ್ಕೇ ಬಿಟ್ಟು, ಒಂದು ಭೂತಗನ್ನಡಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಬಂಡೆಯಲ್ಲಿ ಬೆರಳಿನ ಗಾತ್ರದ ನಸುಗೆಂಪು ಹರಳುಗಳಿವೆ, ಅದು ಫೆಲ್ಡ್‌ಸ್ಪಾರ್. ಅವುಗಳ ನಡುವೆ ಗಾಜಿನಂತೆ ಹೊಳೆಯುವುದು ಬೆಣಚು. ಕಪ್ಪು ಚುಕ್ಕೆಗಳಲ್ಲಿ ಕಾಗೆಬಂಗಾರದ ಒಂದು ಬಗೆಯಿದೆ. ಇವೆಲ್ಲ ಕೂಡಿದ ಕಲ್ಲೇ ಗ್ರಾನೈಟ್, ನಮ್ಮ ಪುಸ್ತಕಗಳ ಕಣಶಿಲೆ.

‘ಇದು ಜ್ವಾಲಾಮುಖಿಯ ಕಲ್ಲೇ?’ ಎಂದರು ಬ್ಯಾಂಕಿನವರು. ಜ್ವಾಲಾಮುಖಿಯ ಕಲ್ಲೂ ಇದೂ ಅಣ್ಣತಮ್ಮಂದಿರೆಂದೆ. ಎರಡಕ್ಕೂ ತಾಯಿ ಕರಗಿದ ಶಿಲಾಪಾಕ. ಒಬ್ಬ ಮನೆ ಬಿಟ್ಟು ಹೊರಗೆ ಬಂದು ಗಾಳಿನೀರು ತಾಕಿ ಬೇಗ ಆರಿದ. ಅವನ ಮೈಯಲ್ಲಿ ಹರಳು ಬೆಳೆಯಲು ಪುರಸತ್ತಿಲ್ಲ. ಇನ್ನೊಬ್ಬ ಒಳಗೇ ಉಳಿದು, ಕಿಲೋಮೀಟರುಗಟ್ಟಲೆ ದಪ್ಪದ ನೆಲವನ್ನು ಹೊದ್ದು, ಲಕ್ಷಾಂತರ ವರ್ಷ ಸಾವಕಾಶವಾಗಿ ಆರಿದ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೂ ಕಲ್ಲುಸಕ್ಕರೆಗೂ ಇರುವ ವ್ಯತ್ಯಾಸವೇ ಇದು. ಎರಡೂ ಸಕ್ಕರೆಯೇ. ಬೇಗ ಗಟ್ಟಿಯಾದದ್ದು ನುಣುಪು, ನಿಧಾನವಾಗಿ ಬೆಳೆದದ್ದು ಹರಳು. ಆದುದರಿಂದ ಸಾವನದುರ್ಗದ ಈ ನಸುಗೆಂಪು ಹರಳನ್ನು ಕಂಡೊಡನೆ ಒಂದು ಮಾತು ನಿಶ್ಚಯ: ಈ ಬೆಟ್ಟ ಹುಟ್ಟಿದಾಗ ಬೆಟ್ಟವಾಗಿರಲಿಲ್ಲ, ಪಾತಾಳದಲ್ಲಿತ್ತು. ಮೇಲಿದ್ದ ನೆಲವೆಲ್ಲ ಮಳೆಗಾಳಿಗಳಿಗೆ ಸವೆದು ಹೋದ ಮೇಲೆ, ಬಿರುಕು ಹೆಚ್ಚಾಗಿದ್ದ ಭಾಗ ಕುಸಿದು ಬಯಲಾಯಿತು; ಬಿರುಕು ಕಡಿಮೆಯಿದ್ದ ಭಾಗ ಬೆಟ್ಟವಾಗಿ ನಿಂತಿತು.

ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇದು ಊಹೆಯಲ್ಲ. ಗ್ರಾನೈಟಿನೊಳಗೆ ಜಿರ್ಕಾನ್ ಎಂಬ ಅತಿ ಸಣ್ಣ ಹರಳುಗಳಿರುತ್ತವೆ. ಹುಟ್ಟುವಾಗ ಅವು ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹೊರಗಿಡುತ್ತವೆ. ಆ ಯುರೇನಿಯಮ್ ತಪ್ಪದ ಒಂದು ಗತಿಯಲ್ಲಿ ಸೀಸವಾಗುತ್ತಾ ಬರುತ್ತದೆ. ಈಗ ಎಷ್ಟು ಸೀಸವಿದೆಯೆಂದು ಅಳೆದರೆ ಗಡಿಯಾರ ನೋಡಿದಂತೆಯೇ. ಕೋಟಿಗಳ ಲೆಕ್ಕ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ಇನ್ನೊಂದು ಬಗೆಯಲ್ಲಿ ಹೇಳಿದೆ. ಈ ಬಂಡೆಯ ಆಯುಸ್ಸನ್ನು ಇಪ್ಪತ್ನಾಲ್ಕು ಗಂಟೆಯ ಒಂದು ದಿನವೆಂದು ಭಾವಿಸೋಣ. ಮಲ್ಪೆಯ ದ್ವೀಪ ಹುಟ್ಟಿದ್ದು ದಿನ ಮುಗಿಯಲು ಐವತ್ತು ನಿಮಿಷ ಉಳಿದಾಗ. ಐಸ್‌ಲ್ಯಾಂಡಿನ ಅತಿ ಹಳೆಯ ಕಲ್ಲಿಗೆ 1.6 ಕೋಟಿ ವರ್ಷ. ಅದು ಕೊನೆಯ ಒಂಬತ್ತು ನಿಮಿಷದ ಕಥೆ. ಮನುಷ್ಯಜಾತಿ ಬಂದದ್ದು ಕೊನೆಯ ಹತ್ತು ಸೆಕೆಂಡಿನಲ್ಲಿ. ನಮ್ಮ ಕೆಂಪೇಗೌಡರಿಂದ ಈಚಿನ ಕಾಲವೆಲ್ಲ ರೆಪ್ಪೆ ಬಡಿಯುವಷ್ಟೂ ಇಲ್ಲ.

ಒಂಬತ್ತೂವರೆಗೆ ರಾಮನಗರ. ಈ ಊರಿನ ಹೆಸರೇ ಒಂದು ಪಾಠ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದು. ಆಮೇಲೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿಗಾಗಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. ಊರು ಆ ಪರಕೀಯ ಹೆಸರನ್ನು ಕಳಚಿಟ್ಟಿತು. ಆದರೆ ಕಲ್ಲು ಕಳಚಲಿಲ್ಲ. ಉತ್ತರದಲ್ಲಿ ಬಳ್ಳಾರಿಯ ಕಡೆಯವರೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹರಡಿರುವ ಈ ಶಿಲಾಪಟ್ಟಿಗೆ ಇಂದಿಗೂ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಹೇಳುವ ಹೆಸರು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ. ನಮ್ಮ ಬಿ. ಪಿ. ರಾಧಾಕೃಷ್ಣ ಅವರು 1950ರ ದಶಕದಲ್ಲಿ ಇದರ ಮೇಲೆ ಮಾಡಿದ ಅಭ್ಯಾಸ ಇಂದಿಗೂ ಗೌರವ ಪಡೆದಿದೆ. ಹೊರದೇಶದ ವಿದ್ವಾಂಸರು ಕ್ಲೋಸ್‌ಪೇಟೆ ಎಂಬ ಊರು ಎಲ್ಲಿದೆಯೆಂದು ನಕಾಶೆಯಲ್ಲಿ ಹುಡುಕುತ್ತಾರೆ. ಊರಿನವರಿಗೆ ತಮ್ಮ ಊರು ಅಷ್ಟು ಪ್ರಸಿದ್ಧವೆಂದೇ ತಿಳಿಯದು.

ರಾಮದೇವರ ಬೆಟ್ಟವನ್ನು ಜನ ಬಲ್ಲುದು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ. ನಮ್ಮ ವ್ಯಾನಿನ ಹುಡುಗರೂ ಗಬ್ಬರ್ ಸಿಂಗನ ಬಂಡೆ ಯಾವುದೆಂದೇ ಮೊದಲು ಕೇಳಿದರು. ತೋರಿಸಿದೆ, ಜೊತೆಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಂಡೆ ಏಳುತ್ತಿರುವುದನ್ನೂ ತೋರಿಸಿದೆ. ಮೇಲಿನ ಭಾರ ಹೋದಾಗ ಅದುಮಿಟ್ಟ ಕಲ್ಲು ಹಿಗ್ಗಿ ಹಾಗೆ ಪದರ ಬಿಡುತ್ತದೆ. ಆದುದರಿಂದಲೇ ಇಲ್ಲಿನ ಬೆಟ್ಟಗಳಿಗೆ ಬೋಳುತಲೆಯ ದುಂಡು. ಆ ಕಡಿದಾದ ಬಂಡೆಯ ಅಂಚುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಕೆಡಿಸಿ, ದೇಶದಲ್ಲೆಲ್ಲ ಆ ಸಂತತಿಯನ್ನು ಬಹುಪಾಲು ಅಳಿಸಿತು. 2006ರಲ್ಲಿ ದನಗಳಿಗೆ ಆ ಮದ್ದನ್ನು ಕೊಡುವುದು ನಿಷೇಧವಾಯಿತು. 2012ರಲ್ಲಿ ಈ ಬೆಟ್ಟ ರಣಹದ್ದುಗಳ ಅಭಯಾರಣ್ಯವಾಯಿತು. ಹಕ್ಕಿಯ ದೆಸೆಯಿಂದ ಬೆಟ್ಟಕ್ಕೂ ರಕ್ಷಣೆ ಸಿಕ್ಕಿತು. ಹಕ್ಕಿಯಿಲ್ಲದ ಬೆಟ್ಟಗಳಿಗೆ ಆ ಭಾಗ್ಯವಿಲ್ಲ.

ಚನ್ನಪಟ್ಟಣದಲ್ಲಿ ಊಟ. ಕಲ್ಲಿನ ಯಾತ್ರೆಯಲ್ಲಿ ಬೊಂಬೆಯ ಊರಿಗೇನು ಕೆಲಸವೆಂದು ಹೆಂಗಸರು ನಕ್ಕರು. ಬೊಂಬೆ ಮಾಡುವವರ ಮನೆಯೊಂದಕ್ಕೆ ಕರೆದುಕೊಂಡು ಹೋದೆ. ಹಾಲೆಮರದ ತುಂಡು ಗಿರ್ರೆಂದು ತಿರುಗುತ್ತಿತ್ತು. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರು. ಬೆಂಕಿಯಿಲ್ಲ, ಒಲೆಯಿಲ್ಲ, ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡಿತು, ಕ್ಷಣದಲ್ಲಿ ಗಟ್ಟಿಯಾಯಿತು. ಅದರ ಮೇಲೆ ಕೇದಿಗೆಯ ಗರಿಯನ್ನು ಹಿಡಿದಾಗ ಹೊಳಪೇರಿತು. ‘ಗಟ್ಟಿಯಾದದ್ದು ಕರಗಬಲ್ಲುದು, ಕರಗಿದ್ದು ಮತ್ತೆ ಗಟ್ಟಿಯಾಗಬಲ್ಲುದು, ಬೇಕಾದದ್ದು ಬಿಸಿ ಮತ್ತು ಕಾಲ. ಇಲ್ಲಿ ಒಂದು ಕ್ಷಣ ಸಾಕಾಯಿತು, ಸಾವನದುರ್ಗಕ್ಕೆ ಲಕ್ಷಾಂತರ ವರ್ಷ ಹಿಡಿಯಿತು, ಅಷ್ಟೇ’ ಎಂದೆ. ಅದುವರೆಗೂ ನನ್ನ ಶಿಲಾಪಾಕದ ಮಾತನ್ನು ಮರ್ಯಾದೆಗಾಗಿ ಕೇಳುತ್ತಿದ್ದವರ ಮುಖ ಅಲ್ಲಿ ಅರಳಿತು.

ಅಲ್ಲಿಂದ ಸಾತನೂರಿನ ದಾರಿ ಹಿಡಿದು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಬಂದೆವು. ಆಳಕ್ಕೆ ಇಳಿಯುತ್ತೇವೆಂದು ಬೆಳಿಗ್ಗೆ ಹೇಳಿದ ಮಾತಿನ ಅರ್ಥ ಇಲ್ಲಿದೆ. ನಮ್ಮ ದಕ್ಷಿಣ ಕರ್ನಾಟಕದ ನೆಲ ಸ್ವಲ್ಪ ವಾಲಿದ ಹಲಗೆಯಂತಿದೆ. ದಕ್ಷಿಣದ ಅಂಚು ಮೇಲೆದ್ದು ಹೆಚ್ಚು ಸವೆದಿದೆ, ಉತ್ತರದ ಅಂಚು ಕಡಿಮೆ ಸವೆದಿದೆ. ಆದುದರಿಂದ ದಕ್ಷಿಣಕ್ಕೆ ಹೋದಂತೆಲ್ಲ ಹಿಂದೆ ಹೆಚ್ಚು ಹೆಚ್ಚು ಆಳದಲ್ಲಿದ್ದ ಕಲ್ಲು ಕಾಲಿಗೆ ಸಿಕ್ಕುತ್ತದೆ. ಉತ್ತರದ ಕಡೆ ಈ ಶಿಲಾಪಾಕ ಮೇಲೇರಿ ನೆಲೆನಿಂತ ಜಾಗಗಳು ಕಂಡರೆ, ಕಬ್ಬಾಳದಲ್ಲಿ ಅದರ ಬೇರೇ ಕಾಣುತ್ತದೆ. ಇಲ್ಲಿನ ಕಲ್ಲು ಒಂದು ಕಾಲಕ್ಕೆ 20 ಕಿಲೋಮೀಟರಿನಷ್ಟು ಆಳದಲ್ಲಿ, 700 ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಬೆಂದದ್ದು. ಮನುಷ್ಯ ಕೊರೆದ ಯಾವ ಕೊಳವೆಬಾವಿಯೂ ಇನ್ನೂ ಆ ಆಳವನ್ನು ಮುಟ್ಟಿಲ್ಲ. ನಾವು ಚಪ್ಪಲಿ ಮೆಟ್ಟಿಕೊಂಡು ಅಲ್ಲಿ ನಿಂತಿದ್ದೆವು.

ಇಲ್ಲಿನ ಬೂದುಬಣ್ಣದ ಪಟ್ಟೆಪಟ್ಟೆಯ ಹಳೆಯ ಕಲ್ಲು ಅಲ್ಲಲ್ಲಿ ಎಣ್ಣೆಯ ಕಲೆ ಬಿದ್ದಂತೆ ಕಪ್ಪುಹಸಿರಾಗಿದೆ. ಆಳದ ಬಿಸಿಯಲ್ಲಿ ಅನಿಲಗಳು ಹಾಯ್ದು ಒಂದು ಕಲ್ಲು ಇನ್ನೊಂದಾಗುತ್ತಿದ್ದಾಗ ಅರ್ಧದಲ್ಲೇ ನಿಂತುಹೋದ ಗುರುತು ಇದು. ಮೈಸೂರಿನ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದಂದಿನಿಂದ ಕಬ್ಬಾಳ ಎಂಬ ಈ ಹಳ್ಳಿ ಭೂವಿಜ್ಞಾನಿಗಳಿಗೆ ಒಂದು ಯಾತ್ರಾಸ್ಥಳವಾಯಿತು. ಆ ಕಪ್ಪುಕಲ್ಲಿನ ಹೆಸರು ಚಾರ್ನೊಕೈಟ್. ಕಲಕತ್ತೆಯಲ್ಲಿ ಸಮಾಧಿಯಾದ ಜಾಬ್ ಚಾರ್ನಾಕ್ ಎಂಬ ಕಂಪೆನಿ ನೌಕರನ ಗೋರಿಯ ಕಲ್ಲು ಈ ಜಾತಿಯದಾಗಿದ್ದರಿಂದ, 1893ರಲ್ಲಿ ಹಾಲೆಂಡ್ ಎಂಬ ವಿದ್ವಾಂಸ ಆ ಹೆಸರಿಟ್ಟ. ನಮ್ಮ ಎರಡು ಕಲ್ಲುಗಳಿಗೂ ಕಂಪೆನಿಯವರ ಹೆಸರೇ ಬಂದದ್ದು ಕಾಕತಾಳೀಯವಲ್ಲ. ಕಲ್ಲಿನ ಕಥೆಯನ್ನು ಮೊದಲು ಬರೆದವರು ಅವರು, ಬರೆದವರು ಹೆಸರಿಟ್ಟರು.

ಕನಕಪುರದ ಕಡೆಗೆ ತಿರುಗಿದ ಮೇಲೆ ದಾರಿಯ ಪಕ್ಕದ ಒಂದು ಗುಡ್ಡವನ್ನು ತೋರಿಸಬೇಕೆಂದು ನಾನು ಬೆಳಗಿನಿಂದ ಕಾದಿದ್ದೆ. ಅಧ್ಯಾಪಕನಾಗಿದ್ದಾಗ ವರ್ಷವರ್ಷವೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಬೂದುಬಣ್ಣದ ಹಳೆಯ ಕಲ್ಲಿನ ತುಂಡುಗಳು ನಸುಗೆಂಪು ಗ್ರಾನೈಟಿನೊಳಗೆ, ಪಾಯಸದಲ್ಲಿ ದ್ರಾಕ್ಷಿ ತೇಲಿದಂತೆ, ಹುದುಗಿದ್ದುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಕಂಡಿಲ್ಲ. ವ್ಯಾನು ನಿಂತಿತು. ಗುಡ್ಡವಿರಲಿಲ್ಲ. ಅದಿದ್ದಲ್ಲಿ ಮೂರಾಳುದ್ದದ ಒಂದು ಗುಂಡಿ, ಅದರ ತಳದಲ್ಲಿ ಹಸಿರು ನೀರು. ಆಚೆ ಜಲ್ಲಿ ಒಡೆಯುವ ಯಂತ್ರದ ತುಕ್ಕು ಹಿಡಿದ ಚೌಕಟ್ಟು.

ಆ ಹಳ್ಳಿಯ ಮುದುಕನೊಬ್ಬ ಆಡು ಮೇಯಿಸುತ್ತಿದ್ದ. ಹಿಂದೆ ಕಲ್ಲುಕುಟಿಗನಾಗಿದ್ದವನು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತಾ ಬಂದರೆ ಕಾದ ಪದರ ಹಿಗ್ಗಿ, ಹಪ್ಪಳದಂತೆ ಮೇಲೇಳುತ್ತದೆ. ಹಾಗೆ ಚಪ್ಪಡಿ ತೆಗೆಯುವ ಹಳೆಯ ವಿದ್ಯೆಯನ್ನು ಬಲ್ಲವನು. ಅವನ ಕಾಲದಲ್ಲಿ ಗುಡ್ಡ ಮನೆಗೆ ಕಂಬ ಕೊಟ್ಟಿತ್ತು, ಹಟ್ಟಿಗೆ ಚಪ್ಪಡಿ ಕೊಟ್ಟಿತ್ತು, ಆದರೂ ಉಳಿದಿತ್ತು. ಸಿಡಿಮದ್ದೂ ಯಂತ್ರವೂ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮುಗಿಯಿತೆಂದ. ನನ್ನನ್ನು ದಿಟ್ಟಿಸಿ ನೋಡಿ ಗುರುತು ಹಿಡಿದ. ‘ಸಾಮಿ, ನೀವು ಆಗ ಕಾಲೇಜ್ ಹುಡುಗ್ರನ್ನ ಕರ್ಕೊಂಡು ಬರ್ತಿದ್ರಿ. ಸುತ್ತಿಗೇಲಿ ತಟ್ಟಿ ಏನೇನೋ ಹೇಳ್ತಿದ್ರಿ. ನಾವು ಆ ಮರದ ಕೆಳಗೆ ಕೂತು ನೋಡ್ತಿದ್ವಿ. ನಮ್ಗೇನೂ ಹೇಳ್ಲಿಲ್ವಲ್ಲ’ ಎಂದ.

ಅದು ದೂರಲ್ಲ, ಸುಮ್ಮನೆ ಹೇಳಿದ ಮಾತು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಗುಡ್ಡದಲ್ಲಿ ಏನಿದೆಯೆಂದು ನಾನು ಪರೀಕ್ಷೆ ಬರೆಯುವವರಿಗೆ ಹೇಳಿದ್ದೆ, ಅದರ ಬುಡದಲ್ಲಿ ಬದುಕುವವರಿಗೆ ಹೇಳಿರಲಿಲ್ಲ. ಜಲ್ಲಿಗೆ ಬೆಲೆಯಿದೆಯೆಂದು ಹೇಳುವವರು ಮಾತ್ರ ಅವರ ಬಳಿಗೆ ಬಂದಿದ್ದರು. ಇಷ್ಟಕ್ಕೂ ಬೆಂಗಳೂರಿನ ನನ್ನ ಮನೆಯ ತಾರಸಿಯಲ್ಲಿರುವ ಜಲ್ಲಿ, ಬಾಗಿಲ ಮುಂದಿನ ಮೆಟ್ಟಿಲು ಇವು ಯಾವ ಗುಡ್ಡದವು? ಮನೆ ಕಟ್ಟಬಾರದೆಂದು ನಾನು ಹೇಳುವವನಲ್ಲ. ಕಲ್ಲಿನ ಕೆಲಸವನ್ನೇ ನಂಬಿದ ಸಂಸಾರಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಯಾವ ಗುಡ್ಡ ಒಡೆಯಬಹುದು, ಯಾವುದನ್ನು ಬಿಡಬೇಕು ಎಂದು ಕೇಳಬೇಕಾದರೆ ಮೊದಲು ಎರಡಕ್ಕೂ ವ್ಯತ್ಯಾಸವಿದೆಯೆಂದು ತಿಳಿದಿರಬೇಕಷ್ಟೆ.

ಕನಕಪುರ ದಾಟಿ ಸಂಗಮದ ದಾರಿಯಲ್ಲಿ ಚುಂಚಿ ಜಲಪಾತ ನೋಡಿದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ, ರಾಮನಗರ, ಕನಕಪುರಗಳ ಕಲ್ಲುನೆಲವನ್ನು ಹಾಯ್ದು ಬಂದು ಇಲ್ಲಿ ಬಂಡೆಗಳ ನಡುವೆ ಧುಮುಕುತ್ತಾಳೆ. ನೀರು ಚೆಲುವಾಗಿ ಬೀಳುತ್ತಿತ್ತು, ಆದರೆ ಅದರಲ್ಲಿ ನೊರೆಯಿತ್ತು, ವಾಸನೆಯಿತ್ತು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಗೆ ಸೇರುತ್ತದೆ. ಬೆಟ್ಟ ಜಲ್ಲಿಯಾಗಿ ನಗರಕ್ಕೆ ಹೋಗುತ್ತದೆ. ನಗರ ಹಿಂದಕ್ಕೆ ಕಳಿಸುವುದು ಇದನ್ನು.

ಸಂಜೆಗೆ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಕೂಡುವುದನ್ನು ಕಂಡು ಮೇಕೆದಾಟಿಗೆ ಹೋದೆವು. ಮೇಕೆಯೊಂದು ಜಿಗಿದು ದಾಟಿತೆಂಬ ಹೆಸರಿನ ಈ ಇಕ್ಕಟ್ಟಿನಲ್ಲಿ ಅಷ್ಟು ದೊಡ್ಡ ಕಾವೇರಿ ಬಂಡೆಗಳ ನಡುವೆ ಹಿಂಡಿಕೊಂಡು ಹರಿಯುತ್ತಾಳೆ. ಇಲ್ಲಿ ಅಣೆಕಟ್ಟೆಯ ಪ್ರಸ್ತಾಪವೂ, ಅದರ ಮೇಲೆ ಎರಡು ರಾಜ್ಯಗಳ ವ್ಯಾಜ್ಯವೂ ಎಲ್ಲರಿಗೂ ಗೊತ್ತು. ನಾನು ತೋರಿಸಿದ್ದು ಬಂಡೆಯಲ್ಲಿನ ಒರಳುಗಳನ್ನು. ಸುಳಿಯಲ್ಲಿ ಸಿಕ್ಕ ಬೆಣಚುಕಲ್ಲು ತಿರುಗಿ ತಿರುಗಿ ಕೊರೆದ ಒರಳುಗಳವು. ಕೆಲವದರ ತಳದಲ್ಲಿ ಆ ಗುಂಡುಕಲ್ಲು ಇನ್ನೂ ಇದೆ. ‘ಐಸ್‌ಲ್ಯಾಂಡಿನಲ್ಲಿ ಸಮುದ್ರದ ನಡುವಿನಿಂದ ಹೊಸ ನೆಲ ಬರುತ್ತಲೇ ಇದೆ, ಅಲ್ಲಿ ಭೂಮಿ ಒಂದು ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ಬಿರಿದು ಬೆಳೆಯುತ್ತದೆ. ಇಲ್ಲಿ ಹೊಸತೇನೂ ಬರುವುದಿಲ್ಲ. ಇರುವುದು ಸವೆಯುತ್ತದೆ, ನೀರಿನಿಂದಾದರೆ ಯುಗಕ್ಕಿಷ್ಟು, ನಮ್ಮಿಂದಾದರೆ ವರ್ಷಕ್ಕಿಷ್ಟು’ ಎಂದು ಹೇಳಿ ಅಂದಿನ ಪಾಠ ಮುಗಿಸಿದೆ. ಬ್ಯಾಂಕಿನವರು ಏನೂ ತಮಾಷೆ ಮಾಡಲಿಲ್ಲ.

ಆ ಮಾರ್ಗದರ್ಶಿ ಹುಡುಗಿಯ ಹಿಮಕ್ಕೂ ನಮ್ಮ ಗುಡ್ಡಕ್ಕೂ ನಂಟಿದೆಯೆಂದು ನನಗೆ ಹಿಂದಿರುಗುವಾಗ ಹೊಳೆಯಿತು. ಐಸ್‌ಲ್ಯಾಂಡಿನಲ್ಲಿ ‘ಓಕ್’ ಎಂಬ ಹಿಮನದಿ ಸತ್ತ ಮೇಲೆ, 2019ರಲ್ಲಿ, ಜನ ಬೆಟ್ಟ ಹತ್ತಿ ಹೋಗಿ ಅಲ್ಲೊಂದು ಫಲಕ ನೆಟ್ಟುಬಂದರು. ನಮ್ಮ ಗುಡ್ಡ ಹೋದುದನ್ನು ಆಡು ಕಾಯುವ ಮುದುಕನೊಬ್ಬ ಕಂಡ. ಹಿಮ ಮತ್ತೊಂದು ಶೀತಯುಗದಲ್ಲಿ ಬಂದರೂ ಬರಬಹುದು. ಗುಡ್ಡ ಬರುವುದಿಲ್ಲ.

ಈಗ ತಿಂಗಳಿಗೊಮ್ಮೆ ಈ ದಾರಿಯಲ್ಲಿ ಹೋಗುತ್ತೇನೆ. ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಆ ಹಳ್ಳಿಯ ಶಾಲೆಯ ಮುಂದೆ ವ್ಯಾನು ನಿಲ್ಲಿಸಿ, ವ್ಯಾನಿನವರಿಗೆ ಹೇಳುವುದನ್ನು ಅಲ್ಲಿನ ಮಕ್ಕಳಿಗೂ ಹೇಳುತ್ತೇನೆ. ಅದೇ ಭೂತಗನ್ನಡಿ, ಅದೇ ಕಲ್ಲುಸಕ್ಕರೆ. ಊರಿನ ಆಚೆ ಅಂಥ ಇನ್ನೊಂದು ಗುಡ್ಡ ಉಳಿದಿದೆ, ಸ್ವಲ್ಪ ಚಿಕ್ಕದು. ಮಕ್ಕಳು ಈಗಾಗಲೇ ಅದಕ್ಕೆ ಒಂದು ಹೆಸರಿಟ್ಟಿದ್ದಾರೆ, ದ್ರಾಕ್ಷಿಗುಡ್ಡ ಎಂದು. ಹೋದ ಸಲ ನಾನು ಹೇಳುತ್ತಿದ್ದಾಗ ಮುದುಕ ಶಾಲೆಯ ಜಗಲಿಯ ತುದಿಯಲ್ಲಿ ಬಂದು ಕುಳಿತ. ಪಾಠ ಮುಗಿದ ಮೇಲೆ ಎದ್ದು, ತಾನೇ ಮುಂದಾಗಿ ಹುಡುಗರಿಗೆ ಬಂಡೆಯ ಪದರ ಯಾವ ಕಡೆಗೆ ಏಳುತ್ತದೆಂದು ಕೈಯಾಡಿಸಿ ತೋರಿಸಿದ. ನನ್ನ ಪಾಠದಲ್ಲಿ ಅದು ಇರಲಿಲ್ಲ, ಬರೆದುಕೊಂಡೆ.